ಮಗಳು ಉಳಿಯಲೆಂದು ಜೋಡಿಸಿದ ಕಂಪ್ಯೂಟರು

ಕಂಪ್ಯೂಟರನ್ನು ತುಂಡು ತುಂಡಾಗಿ ಮಾರುತ್ತಾರೆ ಎಂಬುದು ಸಿಕಂದರಾಬಾದಿನ ಆ ಬಜಾರಿಗೆ ಹೋಗುವವರೆಗೆ ನನಗೆ ಗೊತ್ತಿರಲಿಲ್ಲ. ಅದೂ ಟಿ.ವಿ.ಯ ಹಾಗೆ ರಟ್ಟಿನ ಡಬ್ಬಿಯಲ್ಲಿ ಇಡಿಯಾಗಿ ಬರುತ್ತದೆ, ಮೇಜಿನ ಮೇಲಿಟ್ಟು ಬಟನ್ ಒತ್ತಿದರೆ ಆಯಿತು ಎಂದುಕೊಂಡಿದ್ದೆ. ಅಲ್ಲಿ ನೋಡಿದರೆ ಒಂದು ಅಂಗಡಿಯಲ್ಲಿ ಬರೀ ಖಾಲಿ ಪೆಟ್ಟಿಗೆಗಳು, ಇನ್ನೊಂದರಲ್ಲಿ ಬರೀ ಫ್ಯಾನುಗಳು. ಮೂರನೆಯದರಲ್ಲಿ ಹಸಿರು ಬಣ್ಣದ ಹಲಗೆಗಳನ್ನು ಮಟನ್ ಅಂಗಡಿಯಲ್ಲಿ ಪಕ್ಕೆಲುಬು ತೂಗುಹಾಕಿದಂತೆ ಸಾಲಾಗಿ ತೂಗುಹಾಕಿದ್ದರು. ಅಂಗಡಿಯವನೊಬ್ಬ ನನ್ನ ಮುಖ ನೋಡಿ, ‘ಕ್ಯಾ ಹೋನಾ ಚಚಾ?’ ಎಂದ. ಏನು ಬೇಕು ಎಂದು ಕೇಳಿದ್ದು. ಕಂಪ್ಯೂಟರ್ ಎಂದೆ. ಕಂಪ್ಯೂಟರಿನ ಯಾವ ಭಾಗ ಎಂದ. ಇಪ್ಪತ್ತು ವರ್ಷ ಕಬ್ಬಿಣದ ಜೊತೆ ಬಾಳಿದ ನಾನು ಏನು ಹೇಳಬೇಕೆಂದು ತಿಳಿಯದೆ ಬಾಯಿ ತೆರೆದುಕೊಂಡು ನಿಂತೆ.

ನನ್ನ ಪರಿಚಯ ಹೇಳಿಬಿಡುತ್ತೇನೆ. ನಾನು ಗದಗಿನವನು, ಕೆಲಸದಲ್ಲಿ ಫಿಟ್ಟರ್. ಊರಿನ ನೂಲಿನ ಗಿರಣಿಯಲ್ಲಿ ಹದಿನಾಲ್ಕು ವರ್ಷ ದುಡಿದೆ. ಗಿರಣಿ ಮುಚ್ಚಿದ ಮೇಲೆ ಒಂದು ವರ್ಷ ಅಲ್ಲಿ ಇಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡಿಕೊಂಡಿದ್ದು, ಆಮೇಲೆ ಹೆಂಡತಿ ಶಾರದಾ ಮತ್ತು ಮಗಳು ಅಶ್ವಿನಿಯನ್ನು ಕಟ್ಟಿಕೊಂಡು ಹೈದರಾಬಾದಿಗೆ ಬಂದೆ. ಉಪ್ಪಲ್ ಹತ್ತಿರ ರಕ್ಷಣಾ ಇಲಾಖೆಯವರಿಗೆ ಬಿಡಿಭಾಗ ಮಾಡಿಕೊಡುವ ಒಂದು ಸಣ್ಣ ಕಾರ್ಖಾನೆ ನನ್ನನ್ನು ತೆಗೆದುಕೊಂಡಿತು. ಊರಿನ ಇನ್ನೊಂದು ತುದಿಯಲ್ಲಿ ಹೈಟೆಕ್ ಸಿಟಿಯ ಗಾಜಿನ ಕಟ್ಟಡಗಳು ಏಳುತ್ತಿದ್ದ ಕಾಲ ಅದು. ಅಲ್ಲಿ ಕೆಲಸ ಮಾಡುವವರಿಗೂ ನಮಗೂ ಬಸ್ಸಿನಲ್ಲಿ ಎರಡು ತಾಸಿನ ಅಂತರ. ಆದರೂ ಅವರ ಗಾಳಿ ಇಲ್ಲಿಗೂ ಬೀಸಿ ಮನೆ ಬಾಡಿಗೆ ಏರಿತು, ಓಣಿಗೊಂದು ಕಂಪ್ಯೂಟರ್ ಕ್ಲಾಸು ಹುಟ್ಟಿತು.

ನಮಗೆ ಸಿಕ್ಕಿದ್ದು ಎರಡನೆಯ ಮಹಡಿಯ ಮೇಲೆ ಎರಡು ಕೋಣೆಯ ಮನೆ. ಗದಗಿನಲ್ಲಿ ನಾವು ಕಟ್ಟೆಯ ಮೇಲೆ ಕೂತು ಬದುಕಿದವರು. ಬೀದಿಯಲ್ಲಿ ಹೋಗುವವರು ‘ಚಾ ಆತನ್ರಿ?’ ಎಂದು ಕೇಳದೆ ಮುಂದೆ ಹೋಗುತ್ತಿರಲಿಲ್ಲ. ಇಲ್ಲಿ ಕಟ್ಟೆಯೇ ಇಲ್ಲ, ಮೆಟ್ಟಿಲು ಮಾತ್ರ ಇದೆ. ಮೆಟ್ಟಿಲ ಮೇಲೆ ಕೂತವರನ್ನು ಯಾರೂ ಮಾತಾಡಿಸುವುದಿಲ್ಲ, ಸ್ವಲ್ಪ ಸರಿಯಿರಿ ಎನ್ನುತ್ತಾರೆ ಅಷ್ಟೆ. ಭಾಷೆಯ ಕತೆ ಇನ್ನೂ ಬೇರೆ. ಕಾರ್ಖಾನೆಯಲ್ಲಿ ಅರ್ಧ ಜನ ತೆಲುಗು, ಅರ್ಧ ಜನ ಇಲ್ಲಿಯ ಉರ್ದು. ಈ ಉರ್ದುವಿನಲ್ಲಿ ಬೇಡ ಅನ್ನುವುದಕ್ಕೆ ‘ನಕ್ಕೋ’ ಅನ್ನುತ್ತಾರೆ. ‘ಪರ್ಸೋಂ’ ಅಂದರೆ ಮೊನ್ನೆ ಎಂದು ತಿಳಿದಿದ್ದೆ. ಇಲ್ಲಿ ಅದು ಹೋದ ವಾರವೂ ಆಗಬಹುದು, ಹತ್ತು ವರ್ಷದ ಹಿಂದೆಯೂ ಆಗಬಹುದು. ನಾನು ಎರಡನ್ನೂ ಅಷ್ಟಿಷ್ಟು ಕಲಿತು ಕೆಲಸ ನಡೆಸಿದೆ. ಅಶ್ವಿನಿಯೋ, ಬಂದ ಆರು ತಿಂಗಳಿಗೆ ತೆಲುಗಿನಲ್ಲಿ ಜಗಳವಾಡುವಷ್ಟು ಪ್ರವೀಣಳಾದಳು. ಒಂದು ಭಾಷೆಯಲ್ಲಿ ಮಾತಾಡುವುದು ಬೇರೆ, ಜಗಳವಾಡುವುದು ಬೇರೆ. ನನಗೆ ಇವತ್ತಿಗೂ ತೆಲುಗಿನಲ್ಲಿ ಸಿಟ್ಟು ಬರುವುದಿಲ್ಲ.

ಊಟದಲ್ಲಿ ಮಾತ್ರ ನಾವು ತೀರಾ ಪರದೇಶಿಗಳಾಗಲಿಲ್ಲ. ಇಲ್ಲಿಯ ಹಳ್ಳಿಯ ಕಡೆಯವರೂ ಜೋಳದ ರೊಟ್ಟಿ ತಿನ್ನುತ್ತಾರೆ, ‘ಜೊನ್ನ ರೊಟ್ಟೆ’ ಎನ್ನುತ್ತಾರೆ. ಗುರೆಳ್ಳಿಗೆ ಮಾತ್ರ ಭಾಳ ಅಲೆದೆ. ಕೊನೆಗೆ ಬೇಗಂ ಬಜಾರಿನ ಒಂದು ಕಿರಾಣಿಯಲ್ಲಿ ಸಿಕ್ಕಿತು. ತೆಲುಗಿನಲ್ಲಿ ಅದಕ್ಕೆ ‘ವೆರ್ರಿ ನುವ್ವುಲು’ ಅನ್ನುತ್ತಾರಂತೆ, ಅಂದರೆ ಹುಚ್ಚೆಳ್ಳು. ಮನೆಗೆ ತಂದುಕೊಟ್ಟಾಗ ಶಾರದಾ ಅದನ್ನು ಅಂಗೈ ಮೇಲೆ ಹಾಕಿಕೊಂಡು ಮೂಸಿ ನೋಡಿದಳು. ಅವತ್ತು ಮಾಡಿದ ಚಟ್ನಿಪುಡಿಯನ್ನು ಪಕ್ಕದ ಮನೆಗೂ ಕೊಟ್ಟು ಬಂದಳು. ಬಂದ ಹೊಸತರಲ್ಲಿ ಹಾಗಿದ್ದಳು ಅವಳು.

ಅವಳು ಬದಲಾದದ್ದು ಎರಡನೆಯ ವರ್ಷದಲ್ಲಿ. ನಮಗೆ ಇನ್ನೊಂದು ಕೂಸು ಆಗುವುದಿತ್ತು. ದಿನ ತುಂಬಿ ಆಸ್ಪತ್ರೆ ಸೇರಿದಳು. ಕೂಸು ಹುಟ್ಟುವಾಗಲೇ ಉಸಿರಿರಲಿಲ್ಲ. ಗಂಡು ಕೂಸು. ಯಾರ ತಪ್ಪೂ ಇರಲಿಲ್ಲ, ಡಾಕ್ಟರು ನನ್ನನ್ನು ಕೂಡಿಸಿ ತಿಳಿಸಿ ಹೇಳಿದರು. ಆದರೆ ಆ ವಾರ್ಡಿನಲ್ಲಿ ಅವಳು ಮೂರು ದಿನ ಮಲಗಿದ್ದಾಗ ಸುತ್ತ ಇದ್ದ ಹೆಂಗಸರು ಸಮಾಧಾನ ಹೇಳಿದ್ದೆಲ್ಲ ತೆಲುಗಿನಲ್ಲಿ. ಅವರು ಒಳ್ಳೆಯದನ್ನೇ ಹೇಳಿದ್ದಾರು. ಇವಳಿಗೆ ಒಂದು ಮಾತೂ ತಿಳಿಯಲಿಲ್ಲ.

ಆಮೇಲಿನ ಎರಡು ಮೂರು ವರ್ಷ ಶಾರದಾ ಮೆಟ್ಟಿಲು ಇಳಿಯುವುದೇ ಕಡಿಮೆಯಾಯಿತು. ಹತ್ತಿರದಲ್ಲಿ ಕ್ರಿಕೆಟ್ ಸ್ಟೇಡಿಯಂ ಕಟ್ಟುತ್ತಿದ್ದರು. ಶಹಾಪುರದ ಕಡೆಯಿಂದ ದುಡಿಯಲು ಬಂದ ಗುಂಪಿನ ಒಬ್ಬ ಕನ್ನಡದ ಹೆಣ್ಣುಮಗಳು ನೀರು ಕೇಳಲು ನಮ್ಮ ಮನೆಗೆ ಬರುತ್ತಿದ್ದಳು. ಅವಳೊಬ್ಬಳ ಜೊತೆ ಇವಳು ಕೂತು ಮಾತಾಡುವುದಿತ್ತು. ಕಾಂಕ್ರೀಟಿನ ಕೆಲಸ ಮುಗಿದು ಆ ಗುಂಪು ಬೇರೆ ಕಡೆ ಹೋಯಿತು. ಅದಾಗಿ ಒಂದು ವಾರಕ್ಕೆ ಶಾರದಾ ಹೇಳಿದಳು. ಅಶ್ವಿನಿಯ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆ ತಾನು ಗದಗಿಗೆ ಹೋಗುತ್ತೇನೆ, ಅಲ್ಲಿ ಅಕ್ಕನ ಜೊತೆ ಹೊಲಿಗೆ ಮಾಡಿಕೊಂಡು ಇರುತ್ತೇನೆ, ಮಗಳೂ ಬರಲಿ. ಜಗಳದ ದನಿಯಲ್ಲ, ನಾಳೆ ಏನು ಪಲ್ಯ ಮಾಡಲಿ ಎಂದು ಕೇಳುವ ದನಿ. ನನಗೆ ಅದೇ ಹೆದರಿಕೆಯಾಯಿತು.

ಈಗ ನನ್ನ ಬುದ್ಧಿ ಹೇಗೆ ಓಡಿತು ನೋಡಿ. ಹೆಂಡತಿಯ ದುಃಖ ನನ್ನ ಕೈಗೆ ಸಿಗುವ ಕೆಲಸವಲ್ಲ. ಆದರೆ ಮಗಳು ಉಳಿಯುತ್ತೇನೆ ಎಂದರೆ ತಾಯಿ ಬಿಟ್ಟು ಹೋಗಲಾರಳು. ಹಾಗಾದರೆ ಮಗಳು ಉಳಿಯುವಂತೆ ಮಾಡಬೇಕು. ಅಶ್ವಿನಿಗೆ ಹುಚ್ಚು ಇದ್ದದ್ದು ಒಂದೇ, ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ. ಅವಳ ಗೆಳತಿಯೊಬ್ಬಳ ಮನೆ ಹಿಮಾಯತ್‌ನಗರದಲ್ಲಿತ್ತು, ಅಲ್ಲಿ ಒಂದು ಕಂಪ್ಯೂಟರಿತ್ತು. ಪ್ರತಿ ಭಾನುವಾರ ಬಸ್ಸು ಹತ್ತಿ ಅಲ್ಲಿಗೆ ಓಡುತ್ತಿದ್ದಳು. ಅಂಥದ್ದು ನಮ್ಮ ಮನೆಯಲ್ಲೇ ಇದ್ದರೆ? ಕಂಪನಿಯದು ತರುವುದು ನಮ್ಮಂಥವರಿಂದ ಆಗದ ಮಾತು. ಬಿಡಿಭಾಗ ತಂದು ಕೈಯಾರೆ ಜೋಡಿಸಿದರೆ ಅಗ್ಗ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಜೋಡಿಸುವುದು ಎಂಬ ಶಬ್ದ ಕೇಳಿದ ಮೇಲೆ ಫಿಟ್ಟರ್ ಸುಮ್ಮನಿರುತ್ತಾನೆಯೇ?

ಹೀಗೆ ನಾನು ಆ ಬಜಾರಿನಲ್ಲಿ ಬಾಯಿ ತೆರೆದುಕೊಂಡು ನಿಂತದ್ದು. ಅಲ್ಲಿ ನನ್ನನ್ನು ಕಾಪಾಡಿದವರು ಗಫೂರ್ ಸಾಹೇಬರು. ಮೂಲೆಯ ಅಂಗಡಿ, ಹಳೆಯ ಮಾಲಿನ ವ್ಯಾಪಾರ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಜೊತೆಗೆ ಬಂದಿದ್ದ ಅಶ್ವಿನಿಗೆ ಏನೋ ಕನ್ನಡದಲ್ಲಿ ಹೇಳುವುದನ್ನು ಕೇಳಿ, ‘ಯಾವೂರ್ರಿ ನಿಮ್ದು?’ ಎಂದರು. ಹುಮನಾಬಾದಿನವರು, ಬಂದು ಮೂವತ್ತು ವರ್ಷವಾಯಿತಂತೆ. ಸ್ಟೂಲು ಸರಿಸಿ ಕೂಡಿಸಿದರು, ಚಹಾ ತರಿಸಿದರು. ಆಟ ಆಡಲಿಕ್ಕೆ ಏನೇನು ಬೇಕು ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಹೊಸಬರು ಎಲ್ಲಿ ಎಡವುತ್ತಾರೆ ಎಂದೂ ಹೇಳಿದರು. ಎಲ್ಲರೂ ಚಂದದ ಪೆಟ್ಟಿಗೆಗೆ ಮರುಳಾಗುತ್ತಾರೆ, ಪೆಟ್ಟಿಗೆಯಿಂದ ಆಟ ಓಡುವುದಿಲ್ಲ. ಓಡಿಸುವುದು ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು, ಅದರಲ್ಲಿ ಕಂಜೂಸಿ ಮಾಡಬೇಡಿ. ಕರೆಂಟು ಕೊಡುವ ಡಬ್ಬಿ ಒಳ್ಳೆಯದಿರಲಿ. ಮಾನಿಟರು, ಕೀಲಿಮಣೆ ಹಳೆಯದಾದರೂ ನಡೆಯುತ್ತದೆ. ಅಶ್ವಿನಿ ಒಂದೊಂದಕ್ಕೂ ಯಾಕೆ ಯಾಕೆ ಎಂದು ಕೇಳುತ್ತಿದ್ದಳು. ನಾನು ಎಲ್ಲ ಗೊತ್ತಿದ್ದವನಂತೆ ತಲೆಯಾಡಿಸುತ್ತಿದ್ದೆ.

ಮೂರು ನಾಲ್ಕು ಭಾನುವಾರ ಓಡಾಡಿ ಸಾಮಾನು ಕೂಡಿಸಿದೆವು. ಬಸ್ಸಿನಲ್ಲಿ ಅಶ್ವಿನಿ ಡಬ್ಬಿಗಳನ್ನು ತೊಡೆಯ ಮೇಲಿಟ್ಟುಕೊಂಡು, ಬ್ರೇಕ್ ಹಾಕಿದಾಗೆಲ್ಲ ಎರಡೂ ಕೈಯಿಂದ ಅವಚಿಕೊಳ್ಳುತ್ತಿದ್ದಳು. ಹಿಮಾಯತ್‌ನಗರಕ್ಕೆ ಹೋಗುವುದು ನಿಂತಿತು. ನನಗೆ ಒಳಗೊಳಗೇ ಖುಷಿ. ಶಾರದಾ ಮಾತ್ರ ಆ ಡಬ್ಬಿಗಳನ್ನು ಒಂದು ದಿನವೂ ಮುಟ್ಟಲಿಲ್ಲ. ಕಸ ಗುಡಿಸುವಾಗ ಅವುಗಳ ಸುತ್ತ ಗುಡಿಸುತ್ತಿದ್ದಳು.

ಜೋಡಿಸುವ ದಿನ ಬಂತು. ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ, ಕಾರ್ಖಾನೆಯಿಂದ ತಂದ ನನ್ನ ಸ್ವಂತದ ಹತ್ಯಾರದ ಚೀಲ ಬಿಚ್ಚಿದೆ. ಪೆಟ್ಟಿಗೆಯೊಳಗೆ ಒಂದು ಕಬ್ಬಿಣದ ತಗಡು. ಅದರ ಮೇಲೆ ಮದರ್‌ಬೋರ್ಡ್ ಎಂಬ ಆ ಹಸಿರು ಹಲಗೆ ಕೂರಬೇಕು. ಜೊತೆಗೆ ಒಂದು ಪುಟ್ಟ ಪೊಟ್ಟಣದಲ್ಲಿ ಬೆರಳಿನ ಉಗುರಿನಷ್ಟು ಎತ್ತರದ ಹಿತ್ತಾಳೆಯ ಗುಬ್ಬಿಗಳಿದ್ದವು, ಪುಟ್ಟ ಕಾಲುಗಳಂಥವು. ತಗಡಿಗೂ ಹಲಗೆಗೂ ನಡುವೆ ಅವನ್ನು ಹಾಕಬೇಕು ಎಂದು ಚೀಟಿಯಲ್ಲಿತ್ತು. ನಾನು ನಕ್ಕುಬಿಟ್ಟೆ. ನಮ್ಮ ಕೆಲಸದಲ್ಲಿ ಮೊದಲ ಪಾಠವೇ ಇದು: ಕೂರಿಸುವ ವಸ್ತು ತಳಕ್ಕೆ ಅಂಟಿ ಕೂರಬೇಕು. ಕೆಳಗೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಅದು ಅಲುಗುತ್ತದೆ, ಅಲುಗಿದರೆ ಕೆಟ್ಟಂತೆ. ಸಂದು ಬಿಟ್ಟ ಮಗನಿಗೆ ನನ್ನ ಗುರುಗಳು ಬೆನ್ನ ಮೇಲೆ ಗುದ್ದುತ್ತಿದ್ದರು. ಹಿತ್ತಾಳೆಯ ಗುಬ್ಬಿಗಳನ್ನು ಪೊಟ್ಟಣ ಸಮೇತ ಕಿಟಕಿಯ ಮೇಲಿಟ್ಟು, ಹಲಗೆಯನ್ನು ನೇರವಾಗಿ ತಗಡಿಗೆ ಬಿಗಿದೆ.

ಬಿಗಿದ ಮೇಲೆ ಇನ್ನೊಂದು ಫಜೀತಿ. ತಂತಿಗಳನ್ನು ಸಿಕ್ಕಿಸುವ ಹಿಂಬದಿಯ ತೂತುಗಳು ಹಲಗೆಗೆ ಹೊಂದುತ್ತಿಲ್ಲ, ಎಲ್ಲವೂ ಮೇಲಕ್ಕಿವೆ. ಬುದ್ಧಿಯಿದ್ದವನು ಅಲ್ಲಿಗೆ ನಿಲ್ಲಿಸುತ್ತಿದ್ದ. ನಾನು ಪೆಟ್ಟಿಗೆ ಮಾಡಿದವನನ್ನು ಬೈದು, ಅರ ತೆಗೆದುಕೊಂಡು ತೂತುಗಳನ್ನು ಉಜ್ಜಿ ಕೆಳಕ್ಕೆ ಅಗಲ ಮಾಡತೊಡಗಿದೆ.

‘ಅಪ್ಪಾ, ಗಫೂರ್ ಅಂಕಲ್ ಅರಾ ಹಚ್ಚಾಕ ಹೇಳಿಲ್ಲ,’ ಎಂದಳು ಅಶ್ವಿನಿ. ‘ಆ ಗುಬ್ಬಿ ಹಾಕಿ ನೋಡೂಣು.’

ನನಗೆ ಕೆಲಸ ಕಲಿಸಲು ಬರಬೇಡ ಎಂದೆ. ಎರಡು ತಾಸು ಉಜ್ಜಿದೆ. ತೂತುಗಳು ಎಷ್ಟು ಚೆನ್ನಾಗಿ ಬಂದವೆಂದರೆ ಇವತ್ತಿಗೂ ಆ ಕೈಕೆಲಸಕ್ಕೆ ನಾಚಿಕೆಯಿಲ್ಲ. ಕಬ್ಬಿಣದ ಪುಡಿ ಊದಿ, ಎಲ್ಲ ಜೋಡಿಸಿ, ಬಟನ್ ಒತ್ತು ಎಂದು ಮಗಳಿಗೆ ಹೇಳಿದೆ. ಒತ್ತಿದಳು. ಫ್ಯಾನು ಅರ್ಧ ಸುತ್ತು ತಿರುಗಿತು. ಒಳಗಿನಿಂದ ತೆಳ್ಳಗೆ ಹೊಗೆ ಎದ್ದಿತು, ಸುಟ್ಟ ವಾಸನೆ ಅಡಿಗೆ ಮನೆಯವರೆಗೂ ಹೋಯಿತು. ಅಶ್ವಿನಿ ಬಟನ್ ಮೇಲಿನ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು. ನಾನು ಅವಳ ಮುಖ ನೋಡಲಾರದೆ ಪ್ಲಗ್ಗು ಕಿತ್ತೆ.

ಆ ದಿನ ನಾನು ಊಟ ಮಾಡಲಿಲ್ಲ. ಮರುದಿನ ಕಾರ್ಖಾನೆಗೂ ಹೋಗಲಿಲ್ಲ, ಮೈ ಸರಿಯಿಲ್ಲ ಎಂದು ಹೇಳಿ ಕಳಿಸಿದೆ. ಸುಟ್ಟ ಹಲಗೆಯನ್ನು ಮುಂದಿಟ್ಟುಕೊಂಡು ಕೂತಿದ್ದೆ. ಇಪ್ಪತ್ತು ವರ್ಷದ ಕೈ ಮೋಸ ಮಾಡಿತಲ್ಲ ಎಂಬ ಸಂಕಟ. ಮಧ್ಯಾಹ್ನ ಶಾರದಾ ತಾಟಿನಲ್ಲಿ ರೊಟ್ಟಿ ತಂದಿಟ್ಟಳು. ಬೇಡ ಎಂದೆ. ಅವಳು ಒಳಗೆ ಹೋಗಲಿಲ್ಲ. ಗೋಡೆಗೆ ಒರಗಿ ನಿಂತು, ದನಿ ಏರಿಸದೆ ಹೇಳಿದಳು.

‘ಈ ಹಲಗಿ ಸುಟ್ಟೈತಂತ ಎರಡು ದಿನ ಉಂಡಿಲ್ರಿ ನೀವು. ಡ್ಯೂಟಿ ಬಿಟ್ಟು ಕುಂತೀರಿ. ಕೂಸು ಹ್ವಾದಾಗ ಮರುದಿನಾನ ಡಬ್ಬಿ ಕಟ್ಟಿಸ್ಕೊಂಡು ಹ್ವಾದ್ರಿ.’

ಅವಳು ಹೇಳಿದ್ದು ಖರೇ. ಕೂಸನ್ನು ಮಣ್ಣು ಮಾಡಿ ಬಂದ ಮರುದಿನ ನಾನು ಕೆಲಸಕ್ಕೆ ಹೋಗಿದ್ದೆ. ಅವಳು ಇನ್ನೂ ಆಸ್ಪತ್ರೆಯಲ್ಲಿದ್ದಳು. ಡಬ್ಬಿ ಕಟ್ಟಿಕೊಟ್ಟದ್ದು ಅಶ್ವಿನಿ. ಅವತ್ತು ಕಳಿಸಬೇಕಾದ ಮಾಲಿತ್ತು, ಅದು ನಿಜ. ಆದರೆ ನಾನು ಹೋದದ್ದು ಮಾಲಿಗಾಗಿ ಅಲ್ಲ. ವಾರ್ಡಿಗೆ ಹೋದರೆ ಅವಳ ಮುಖ ನೋಡಬೇಕಾಗುತ್ತದೆ, ಏನು ಹೇಳಬೇಕೆಂದು ತಿಳಿಯುವುದಿಲ್ಲ. ಲೇತಿನ ಮುಂದೆ ನಿಂತರೆ ಏನೂ ಹೇಳಬೇಕಾಗಿಲ್ಲ. ಇಷ್ಟನ್ನು ಅವಳಿಗೆ ಆಗಲೇ ಹೇಳಿದ್ದರೆ ಏನಾಗುತ್ತಿತ್ತೋ. ಹೇಳಬೇಕು ಎಂದು ಬಾಯಿ ತೆರೆದೆ. ಬಂದದ್ದು, ರೊಟ್ಟಿ ಕೊಡು, ಉಣ್ಣುತ್ತೇನೆ ಎಂಬ ಮಾತು. ಅವಳು ತಾಟನ್ನು ಹತ್ತಿರ ಸರಿಸಿ ಒಳಗೆ ಹೋದಳು.

ಮುಂದಿನ ಭಾನುವಾರ ಸುಟ್ಟ ಹಲಗೆ ಹಿಡಿದುಕೊಂಡು ಗಫೂರ್ ಸಾಹೇಬರ ಬಳಿ ಹೋದೆವು. ಅವರು ಅದನ್ನು ತಿರುಗಿಸಿ, ಹಿಂದೆ ಕರಕಲಾದ ಜಾಗ ನೋಡಿ, ನಂತರ ನಾನು ಉಜ್ಜಿದ ತೂತುಗಳ ಕತೆ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಪಾಪ ಎನಿಸಿತೋ ಏನೋ, ಹಲಗೆಯ ಹಿಂಬದಿಯ ಮೇಲೆ ಬೆರಳಾಡಿಸಲು ಹೇಳಿದರು. ಮುಳ್ಳು ಮುಳ್ಳಾಗಿ ಸಾವಿರ ಬೆಸುಗೆಯ ತುದಿಗಳು. ಒಂದೊಂದರಲ್ಲೂ ಕರೆಂಟು ಹರಿಯುತ್ತದೆ. ಕಬ್ಬಿಣಕ್ಕೆ ತಾಗಿದರೆ ಎಲ್ಲ ಕೂಡಿಕೊಂಡು ಸುಡುತ್ತದೆ. ‘ಇದು ಮಶೀನ್ ಅಲ್ರಿ ಮಿಸ್ತ್ರಿ. ಇದಕ್ಕ ತೆಳಗ ಗಾಳಿ ಬೇಕು,’ ಎಂದರು. ಹಳೆಯದೊಂದು ಹಲಗೆಯನ್ನು ಹುಡುಕಿ ಅಗ್ಗದಲ್ಲೇ ಕೊಟ್ಟರು. ಕೊಡುವಾಗ ನನ್ನ ಕೈಗೆ ಕೊಡಲಿಲ್ಲ, ಅಶ್ವಿನಿಯ ಕೈಗೆ ಕೊಟ್ಟರು.

ಎರಡನೆಯ ಸಲ ಜೋಡಿಸಿದವಳು ಅವಳೇ. ನಾನು ಬ್ಯಾಟರಿ ಹಿಡಿದು ಬೆಳಕು ತೋರಿಸಿದೆ. ಸ್ಕ್ರೂ ಕೇಳಿದರೆ ಸ್ಕ್ರೂ, ಇಕ್ಕಳ ಕೇಳಿದರೆ ಇಕ್ಕಳ. ಕೆಲಸ ಮಾಡುತ್ತಾ ಅವಳು ಮಾತಾಡುತ್ತಿದ್ದಳು. ಶಾಲೆಯ ಸುದ್ದಿ, ಗೆಳತಿಯರ ಸುದ್ದಿ, ಇಂಟರ್‌ಮೀಡಿಯಟ್‌ಗೆ ಯಾವ ಕಾಲೇಜು ಸೇರಬೇಕೆಂದು ಅವರೆಲ್ಲ ಮಾತಾಡಿಕೊಂಡದ್ದು. ನನಗೆ ಅವಳ ಮಾತು ಅಷ್ಟು ಕೇಳಿದ ನೆನಪು ಬೇರೆ ಯಾವ ದಿನದ್ದೂ ಇಲ್ಲ. ಬಟನ್ ಒತ್ತಿದಾಗ ಮಾನಿಟರು ಒಂದು ಸಲ ಕಪ್ಪಾಗಿ, ಆಮೇಲೆ ಬಿಳಿ ಅಕ್ಷರಗಳು ಮೂಡಿದವು. ಅಶ್ವಿನಿ ನನ್ನ ತೋಳು ಹಿಡಿದು ಗಟ್ಟಿಯಾಗಿ ಹಿಂಡಿದಳು.

ಆಟ ಹಾಕಿದ ಮೊದಲ ವಾರ ಮನೆಯಲ್ಲಿ ಕಾರುಗಳ ಸದ್ದೇ ಸದ್ದು. ಒಂದು ಸಂಜೆ ಶಾರದಾ ಕೈ ಒರೆಸಿಕೊಳ್ಳುತ್ತಾ ಬಂದು ಮಗಳ ಹಿಂದೆ ನಿಂತಳು. ಅಶ್ವಿನಿ ಒತ್ತಾಯ ಮಾಡಿ ಕೂಡಿಸಿದಳು, ಯಾವ ಕೀಲಿ ಒತ್ತಿದರೆ ಎತ್ತ ತಿರುಗುತ್ತದೆ ಎಂದು ಬೆರಳು ಹಿಡಿದು ಕಲಿಸಿದಳು. ಬೇರೆ ಕಾರುಗಳೆಲ್ಲ ಮುಂದೆ ಹೋದವು. ಶಾರದಾಗೆ ಅದರ ಪರಿವೆಯೇ ಇಲ್ಲ. ನಿಧಾನವಾಗಿ ಕಾರು ಓಡಿಸುತ್ತಾ ಅತ್ತ ಇತ್ತ ನೋಡುತ್ತಿದ್ದಳು. ದೂರದಲ್ಲಿ ಒಂದು ಊರು, ಗುಡ್ಡದ ಕೆಳಗೆ ಹಂಚಿನ ಮನೆಗಳು ಕಾಣುತ್ತಿದ್ದವು. ಅಲ್ಲಿಗೆ ಹೋಗುವುದು ಹೇಗೆ ಎಂದು ಕೇಳಿದಳು. ಅಲ್ಲಿಗೆ ಹೋಗಲು ಬರುವುದಿಲ್ಲ, ಅದು ಬರೀ ಚಿತ್ರ ಎಂದಳು ಮಗಳು. ಶಾರದಾ ನಕ್ಕಳು. ಅಷ್ಟು ದಿನಗಳ ಮೇಲೆ ಅವಳ ನಗು ಕೇಳಿದೆ. ಗೆದ್ದೆ ಎಂದುಕೊಂಡೆ. ಇನ್ನು ಇವರು ಎಲ್ಲೂ ಹೋಗುವುದಿಲ್ಲ ಎಂದುಕೊಂಡು ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ.

ಪರೀಕ್ಷೆ ಮುಗಿಯಿತು. ಶಾರದಾ ಅಟ್ಟದ ಮೇಲಿನ ಟ್ರಂಕು ಇಳಿಸಿಕೊಡಿ ಎಂದಳು. ಅದೇ ದನಿ. ಅವಳ ನಗುವಿಗೂ ಅವಳ ತೀರ್ಮಾನಕ್ಕೂ ಸಂಬಂಧವೇ ಇರಲಿಲ್ಲ ಎಂಬುದು ನನಗೆ ಆಗ ತಿಳಿಯಿತು. ಇನ್ನು ಉಳಿದವಳು ಮಗಳು. ಅವಳನ್ನು ಮಾಳಿಗೆಯ ಮೇಲೆ ಕರೆದುಕೊಂಡು ಹೋಗಿ, ನಿನಗೆ ಇಲ್ಲಿರುವ ಮನಸ್ಸೋ ಅಲ್ಲಿ ಹೋಗುವ ಮನಸ್ಸೋ ಎಂದು ನೇರವಾಗಿ ಕೇಳಿದೆ.

ಅವಳು ಸ್ಟೇಡಿಯಮ್ಮಿನ ಕಡೆ ತಿರುಗಿದಳು. ‘ನನಗ ಇಲ್ಲೇ ಇರಬೇಕಂತ ಐತಿ ಅಪ್ಪಾ,’ ಎಂದಳು. ‘ಆದ್ರ ಅವ್ವಗ ಜ್ವರಾ ಬಂದ್ರ ಯಾರಿಗೆ ಹೇಳ್ತಾಳ? ದೊಡ್ಡವ್ವಗೂ ಹೇಳಂಗಿಲ್ಲ ಅಕಿ. ನಿಮಗ ಕಾರ್ಖಾನಿ ಐತಿ. ಅಕಿಗೆ ನಾ ಒಬ್ಬಾಕಿನ ಇದ್ದೀನಿ.’

ಹದಿನಾರು ವರ್ಷದ ಹುಡುಗಿ. ನಾನು ಮಾಡಬೇಕಾಗಿದ್ದ ಕೆಲಸವನ್ನು ಅವಳು ತನ್ನ ಹೆಗಲಿಗೆ ಹಾಕಿಕೊಂಡಿದ್ದಳು. ಹಾಗಾದರೆ ಕಂಪ್ಯೂಟರು ಎಂದು ಕೇಳಿದೆ. ಎಂಥ ಮಾತು ಕೇಳಿದೆ ಎಂದು ಈಗ ನಾಚಿಕೆಯಾಗುತ್ತದೆ. ಅದು ಬಿಚ್ಚಲು ಬರುತ್ತದೆ ಎಂದಳು. ನಿಜ, ಅದು ಬಿಚ್ಚಲು ಬರುವಂಥದ್ದು, ಒಯ್ಯಲು ಬರುವಂಥದ್ದು. ಮಗಳನ್ನು ಕಟ್ಟಿಹಾಕಲು ಇದನ್ನು ಆರಿಸಿದ್ದೆನಲ್ಲ.

ನೀನೂ ಯಾಕೆ ಊರಿಗೆ ಹೋಗಲಿಲ್ಲ ಎಂದು ಓದುವವರು ಕೇಳಬಹುದು. ಶಾರದಾಳೂ ಒಂದೇ ಒಂದು ಸಲ ಕೇಳಿದಳು. ಗದಗಿನಲ್ಲಿ ನಾನು ಪಂಪ್‌ಸೆಟ್ಟಿನ ರಿಪೇರಿಯವನು. ಇಲ್ಲಿ ಕೂದಲಿನ ಹತ್ತರಲ್ಲಿ ಒಂದು ಪಾಲಿನಷ್ಟು ವ್ಯತ್ಯಾಸವನ್ನು ಬೆರಳ ತುದಿಯಲ್ಲಿ ಹಿಡಿಯುತ್ತೇನೆ ಎಂದು ಎಂಜಿನಿಯರುಗಳು ನನ್ನನ್ನು ಕರೆದು ಕೇಳುತ್ತಾರೆ. ಸಂಸಾರ ನಡೆಯುವುದೂ ಈ ಸಂಬಳದಿಂದಲೇ. ಇಷ್ಟನ್ನು ಹೇಳಿದೆ. ಹೇಳದೆ ಬಿಟ್ಟದ್ದು ಇನ್ನೊಂದಿದೆ. ನಮ್ಮ ಕೂಸಿನ ಮಣ್ಣು ಇಲ್ಲಿದೆ. ಯಾರಾದರೂ ಒಬ್ಬರು ಈ ಊರಲ್ಲಿ ಇರಬೇಕು ಎಂದು ನನಗೆ ಅನಿಸುತ್ತದೆ. ಅವಳು ಬಿಟ್ಟು ಹೊರಟದ್ದೂ ಬಹುಶಃ ಅದೇ ಕಾರಣಕ್ಕೆ. ಒಂದೇ ದುಃಖ ಅವಳನ್ನು ಊರಿಗೆ ಎಳೆಯಿತು, ನನ್ನನ್ನು ಇಲ್ಲಿ ಹಿಡಿದಿಟ್ಟಿತು. ಇದನ್ನು ಅವಳಿಗೆ ಹೇಳಲು ನನಗೆ ಇನ್ನೂ ಆಗಿಲ್ಲ. ಗಂಡಸರ ಬಾಯಿಗೆ ಏನಾಗಿರುತ್ತದೋ.

ಹೊರಡುವ ಹಿಂದಿನ ದಿನ ಅಶ್ವಿನಿ ಕಂಪ್ಯೂಟರು ಬಿಚ್ಚಿದಳು. ಒಂದೊಂದು ತಂತಿಗೂ ಕಾಗದ ಅಂಟಿಸಿ ಹೆಸರು ಬರೆದಳು, ಎಲ್ಲ ತೆಲುಗು ಅಕ್ಷರದಲ್ಲಿ. ಕನ್ನಡ ಅವಳಿಗೆ ಮಾತಾಡಲು ಬರುತ್ತದೆ, ಬರೆಯುವುದು ಮರೆತುಹೋಗಿತ್ತು. ಹಳೆಯ ಸೀರೆಯಲ್ಲಿ ಮಾನಿಟರನ್ನು ಸುತ್ತಿದವಳು ಶಾರದಾ. ಅದರ ಗಾಜಿಗೆ ಪೆಟ್ಟು ತಾಗದಂತೆ ಸೀರೆಯ ಮಡಿಕೆಯನ್ನು ಎರಡು ಸಲ ಬಿಚ್ಚಿ ಮತ್ತೆ ಸುತ್ತಿದಳು. ಬಸ್ಸಿನವನು ಸಾಮಾನು ಮೇಲೆ ಹಾಕಿ ಎಂದ. ಅವಳು ಒಪ್ಪದೆ ಮಾನಿಟರನ್ನು ಮಡಿಲಲ್ಲೇ ಇಟ್ಟುಕೊಂಡು ಹೋದಳು.

ಈಗ ಆರು ತಿಂಗಳಾಯಿತು. ಉಪ್ಪಲ್‌ನಲ್ಲಿ ನಾನು ಒಂದೇ ಕೋಣೆಯ ಮನೆಗೆ ಬದಲಾಯಿಸಿದ್ದೇನೆ. ಅಡಿಗೆ ಕಲಿತಿದ್ದೇನೆ, ರೊಟ್ಟಿ ಮಾತ್ರ ದುಂಡಗೆ ಬರುವುದಿಲ್ಲ. ಓಣಿಯಲ್ಲಿ ನನ್ನನ್ನು ‘ಕನ್ನಡಾಯನ’ ಅನ್ನುತ್ತಾರೆ, ಕನ್ನಡದವನು ಎಂದು. ಅಶ್ವಿನಿಗೆ ಗದಗಿನಲ್ಲಿ ಓಣಿಯ ಮಕ್ಕಳು ಇಟ್ಟ ಹೆಸರು ತೆಲಗ್ಯಾರ ಹುಡುಗಿ. ಅವಳ ಮಾತಿನಲ್ಲಿ ತೆಲುಗು ನುಸುಳುತ್ತದಂತೆ, ಕ್ಲಾಸಿನಲ್ಲಿ ನಗುತ್ತಾರಂತೆ. ಶಾರದಾ ಮಾತ್ರ ಚೇತರಿಸಿಕೊಂಡಿದ್ದಾಳೆ. ಕಟ್ಟೆಯ ಮೇಲೆ ಹೊಲಿಗೆ ಯಂತ್ರ ಹಾಕಿಕೊಂಡು ಹೋಗುವವರು ಬರುವವರನ್ನೆಲ್ಲ ಮಾತಾಡಿಸುತ್ತಾಳೆ. ಮೂವರಲ್ಲಿ ಒಬ್ಬರಿಗಾದರೂ ಊರು ಸಿಕ್ಕಿತು ಎಂದು ನಾನು ಸಮಾಧಾನ ಮಾಡಿಕೊಳ್ಳುತ್ತೇನೆ.

ದೀಪಾವಳಿಗೆ ನಾಲ್ಕು ದಿನ ಹೋಗಿದ್ದೆ. ಮೂಲೆಯ ಮೇಜಿನ ಮೇಲೆ ಕಂಪ್ಯೂಟರು ಇತ್ತು, ಅಕ್ಕನ ಮಕ್ಕಳು ಸರದಿಯಲ್ಲಿ ಕಾರು ಓಡಿಸುತ್ತಿದ್ದರು. ಅಶ್ವಿನಿ ಆಡುತ್ತಿರಲಿಲ್ಲ. ನನಗೆ ಸಾಸರಿನಲ್ಲಿಟ್ಟು ಚಹಾ ಬಂತು. ಬೀಗರಿಗೆ ಕೊಡುವ ಹಾಗೆ. ಯಾವಾಗ ಬಂದ್ರಿ ಎಂದು ಕೇಳಿದವರೆಲ್ಲ ಅದರ ಬೆನ್ನಿಗೇ ಯಾವಾಗ ಹೋಗ್ತೀರಿ ಎಂದೂ ಕೇಳಿದರು.

ವಾಪಸು ಹೊರಡುವ ಸಂಜೆ ಬಸ್ ನಿಲ್ದಾಣದವರೆಗೆ ಅಶ್ವಿನಿ ಬಂದಳು. ಕಲ್ಲುಬೆಂಚಿನ ಮೇಲೆ ಇಬ್ಬರೂ ಕೂತೆವು. ಮುಂದಿನ ಸಲ ಬರುವಾಗ ಹೈದರಾಬಾದಿನಿಂದ ಏನು ತರಲಿ ಎಂದು ಕೇಳಿದೆ.

‘ಏನೂ ಬ್ಯಾಡ,’ ಎಂದಳು. ‘ಅಪ್ಪಾ, ಬಸ್ ಬರೂತನ ನನ್ನ ಕೂಡ ತೆಲುಗು ಮಾತಾಡ್ರಿ.’

ಉಪ್ಪಲ್‌ನ ಮನೆಯಲ್ಲಿ ಅವಳು ತೆಲುಗಿನಲ್ಲಿ ಒಂದು ಮಾತಾಡಿದರೂ ಕನ್ನಡದಾಗ ಹೇಳು ಎಂದು ಗದರಿಸುತ್ತಿದ್ದವನು ನಾನೇ. ನನ್ನ ಹರಕು ತೆಲುಗಿನಲ್ಲಿ, ಊಟವಾಯಿತೇ ಎಂದು ಕೇಳಿದೆ. ಅದಕ್ಕಿಂತ ಹೆಚ್ಚಿನದು ತಕ್ಷಣ ಹೊಳೆಯಲಿಲ್ಲ. ಅವಳು ಉತ್ತರ ಹೇಳಿದಳು, ನಿಲ್ಲಿಸಲಿಲ್ಲ. ಕಾಲೇಜಿನ ಮಾತು, ಸಿಟ್ಟಿನ ಮಾತು, ಯಾರದೋ ಹೆಸರು, ಎಲ್ಲ ಗಡಗಡನೆ ಬಂದವು. ಅರ್ಧ ನನಗೆ ತಿಳಿಯಲಿಲ್ಲ. ತಿಳಿದವನಂತೆ ಹೂಂಗುಡುತ್ತಾ ಕೂತೆ. ಅಕ್ಕಪಕ್ಕದವರು ನಮ್ಮನ್ನು ಆಂಧ್ರದ ಕಡೆಯವರು ಎಂದುಕೊಂಡು ಸ್ವಲ್ಪ ಸರಿದು ಕೂತರು.

ಬಸ್ಸು ನಿಲ್ದಾಣದೊಳಕ್ಕೆ ತಿರುಗಿತು. ಅಶ್ವಿನಿ ನನ್ನ ಚೀಲ ಎತ್ತಿ ಕೊಡುತ್ತಾ, ‘ಮನ ಇಂಟಿಕಿ ಎಪ್ಪುಡು ಪೋದಾಂ ನಾನ್ನಾ?’ ಎಂದಳು. ನಾನ್ನಾ ಅಂದರೆ ಅಪ್ಪ. ಅಷ್ಟು ಹೊತ್ತಿನ ಮಾತಿನಲ್ಲಿ ಇದೊಂದು ನನಗೆ ಪೂರ್ತಿ ತಿಳಿಯಿತು. ನಮ್ಮ ಮನೆಗೆ ಯಾವಾಗ ಹೋಗೋಣ ಅಪ್ಪಾ, ಎಂದು ಕೇಳಿದ್ದಳು, ನಾನು ಹುಟ್ಟಿದ ಊರಿನಲ್ಲಿ ನಿಂತುಕೊಂಡು. ಕಂಡಕ್ಟರ್ ಕೂಗಿದ. ನಾನು ಬಸ್ಸು ಹತ್ತಿದೆ.